ಮೊದಲ ಹಿಟ್ ಬರುವವರೆಗೆ ಹಾಡಿಲ್ಲ

ಕುರೆ
ಫೆಬ್ರವರಿ 8

ಭಾವ,

ಹತ್ತು ತಿಂಗಳಾದ ಮೇಲೆ ನನ್ನ ಕೈಬರಹ ನೋಡಿ, ಯಾರಾದರೂ ಹೋದರೇನೋ ಎಂದು ಗಾಬರಿಯಾಗಬೇಡಿ. ಎಲ್ಲರೂ ಗಟ್ಟಿಯಾಗಿದ್ದಾರೆ. ಲಾಂಡ್ರಿ ನಡೆಯುತ್ತಿದೆ. ಫೋನ್ ಮಾಡಬಹುದಿತ್ತು, ಆದರೆ ಫೋನಿನಲ್ಲಿ ನಾವಿಬ್ಬರೂ ಎರಡನೇ ಮಾತಿಗೇ ಜಗಳಕ್ಕೆ ನಿಲ್ಲುತ್ತೇವೆ. ಅದಕ್ಕೇ ಕಾಗದ.

ವಿಷಯಕ್ಕೆ ಬರುತ್ತೇನೆ. ನಮ್ಮ ಹಾರುಮೀನು ಬೇಸ್‌ಬಾಲ್ ತಂಡಕ್ಕೆ ಈ ವರ್ಷ ಅಮಕಾಸು ಎಂಬ ಹೊಸ ಹುಡುಗ ಬಂದಿದ್ದಾನೆ. ಹತ್ತೊಂಬತ್ತು ವರ್ಷ, ಗುಡ್ಡಗಾಡಿನವನು, ಸಮುದ್ರವನ್ನೇ ಹೋದ ತಿಂಗಳು ಸರಿಯಾಗಿ ನೋಡಿದವನು. ಓಡುವುದರಲ್ಲಿ ಜೋರು. ಬ್ಯಾಟು ಹೇಗೋ ದೇವರೇ ಬಲ್ಲ. ಅವನು ಬ್ಯಾಟಿಗೆ ಬಂದಾಗಲೆಲ್ಲ ಸ್ಟ್ಯಾಂಡಿನಿಂದ ಹಾಡಲು ಅವನದೇ ಒಂದು ಹಾಡು ಬೇಕು. ಅಕ್ಕ ತೀರಿಕೊಂಡ ಮೇಲೆ ನಮ್ಮ ಅಭಿಮಾನಿ ಬಳಗದಲ್ಲಿ ಹಾಡಿಗೆ ಮಾತು ಬರೆಯುವವರಿಲ್ಲ. ನೀವು ದ್ವೀಪ ಸೇರಿದ ಮೇಲೆ ರಾಗ ಕಟ್ಟುವವರೂ ಇಲ್ಲ. ನಮ್ಮವರೇ ಮೂವರು ಸೇರಿ ಒಂದು ಕಟ್ಟಿದರು. ಕೇಳಿದರೆ ಸೋಪಿನ ಜಾಹೀರಾತಿನ ಹಾಗಿದೆ. ನೀವು ರಾಗ ಕಳಿಸಿ. ಮಾತನ್ನು ನಾವು ಹೇಗೋ ಹೊಂದಿಸಿಕೊಳ್ಳುತ್ತೇವೆ.

ಇದನ್ನು ಸ್ಟ್ಯಾಂಡಿಗೆ ವಾಪಸು ಬರುವ ಅಪ್ಪಣೆ ಎಂದು ತಿಳಿಯಬೇಡಿ. ಹೋದ ಏಪ್ರಿಲ್‌ನಲ್ಲಿ ನೀವು ಮಾಡಿದ್ದನ್ನು ಬಲಬದಿಯ ಸ್ಟ್ಯಾಂಡು ಇನ್ನೂ ಮರೆತಿಲ್ಲ. ಹನ್ನೊಂದು ವರ್ಷ ನಮ್ಮಲ್ಲಿ ಆಡಿದ ತೊಕುನಾಗ ನಮ್ಮನ್ನು ಬಿಟ್ಟು ಕಾಡುಹಂದಿ ತಂಡಕ್ಕೆ ಹೋದ. ಎದುರಾಳಿಯಾಗಿ ಮೊದಲ ಸಲ ನಮ್ಮ ಮೈದಾನದಲ್ಲಿ ಬ್ಯಾಟು ಹಿಡಿದು ನಿಂತ. ಎದುರಾಳಿ ಬ್ಯಾಟಿಗೆ ಬಂದಾಗ ನಮ್ಮ ತುತ್ತೂರಿ ತೊಡೆಯ ಮೇಲಿರಬೇಕು, ಇದು ಮಗುವಿಗೂ ಗೊತ್ತು. ನೀವು ಎದ್ದು ನಿಂತು ಅವನ ಹಳೆಯ ಹಾಡನ್ನು ಮೊದಲಿನಿಂದ ಕೊನೆಯವರೆಗೂ ಊದಿದಿರಿ. ಅವನು ಹೆಲ್ಮೆಟ್ ತೆಗೆದು ನಮ್ಮ ಕಡೆ ಬಾಗಿ ನಮಸ್ಕರಿಸಿ, ಮೂರನೇ ಎಸೆತವನ್ನು ನಮ್ಮ ಸ್ಟ್ಯಾಂಡಿಗೇ ಹೊಡೆದ. ಚೆಂಡು ಬಿದ್ದದ್ದು ನಿಮ್ಮ ಕಾಲಿನಿಂದ ಆರು ಮೆಟ್ಟಿಲು ಕೆಳಗೆ. ಒಂದೇ ರನ್ನಿನಲ್ಲಿ ಸೋತೆವು. ಬಳಗದ ಮುಖಂಡೆಯಾಗಿ ನಿಮ್ಮ ನೀಲಿ ಅಂಗಿಯನ್ನು ನಾನು ಅಲ್ಲೇ ಬಿಚ್ಚಿಸಿಕೊಳ್ಳಬೇಕಾಯಿತು.

ರಾಗವನ್ನು ಮಾರ್ಚ್ ಮೊದಲ ವಾರದೊಳಗೆ ಕಳಿಸಿ.

ಮಿತ್ಸುಯೊ
ಬಲಬದಿ ಸ್ಟ್ಯಾಂಡಿನ ಪರವಾಗಿ


ದ್ವೀಪದಿಂದ
ಫೆಬ್ರವರಿ 19

ಮಿತ್ಸುಯೊ,

ಸ್ವಂತ ನಾದಿನಿ 'ಸ್ಟ್ಯಾಂಡಿನ ಪರವಾಗಿ' ಎಂದು ಸಹಿ ಹಾಕಿದ ಕಾಗದವನ್ನು ಓದುವ ಭಾಗ್ಯ ಎಷ್ಟು ಜನರಿಗೆ ಸಿಗುತ್ತದೆ ಹೇಳು. ಗೋಡೆಗೆ ಅಂಟಿಸಿಕೊಂಡಿದ್ದೇನೆ.

ನಾನು ಇಲ್ಲಿ ಚೆನ್ನಾಗಿದ್ದೇನೆ ಎಂದು ಬರೆಯಬೇಕು, ಆದರೆ ಸುಳ್ಳು. ಹಡಗುಕಟ್ಟೆಯಲ್ಲಿ ನಲವತ್ತು ವರ್ಷ ಬಣ್ಣ ಬಳಿದವನಿಗೆ ಈ ದ್ವೀಪದಲ್ಲಿ ಸಿಗುವ ಕೆಲಸವೆಂದರೆ ಮೀನುದೋಣಿಗಳ ಮೂತಿಯ ಮೇಲೆ ಹೆಸರು ಬರೆಯುವುದು. ವಾರಕ್ಕೆ ಒಂದು ದೋಣಿ ಬಂದರೆ ಹೆಚ್ಚು. ಉಳಿದ ಹೊತ್ತು ದಕ್ಕೆಗೆ ಹೋಗುತ್ತೇನೆ, ಬರುತ್ತೇನೆ, ಮತ್ತೆ ಹೋಗುತ್ತೇನೆ. ಮನೆಯೊಡತಿ ಉಮೆನೊ ಅಜ್ಜಿ ಸಿಂಪಿ ಬಿಡಿಸುತ್ತಾ ಕೂತಲ್ಲಿಂದಲೇ ಕೇಳುತ್ತಾಳೆ, "ಏನ್ರೀ, ಬಾಲ ಸುಟ್ಟ ಬೆಕ್ಕಿನ ಥರ ಓಡಾಡ್ತೀರಲ್ಲ, ಯಾರನ್ನ ಕಾಯ್ತಿದೀರಿ?" ಏಪ್ರಿಲ್ ತಿಂಗಳನ್ನು ಎಂದೆ. ಅವಳಿಗೆ ಬೇಸ್‌ಬಾಲ್ ಎಂದರೆ ಟೀವಿಯಲ್ಲಿ ಸೀರಿಯಲ್‌ಗೆ ಅಡ್ಡ ಬರುವ ಪೀಡೆ.

ಈಗ ಮುಖ್ಯ ವಿಷಯ. ನನ್ನ ಮೇಲಿನ ಮುಂದಿನ ನಾಲ್ಕೂ ಹಲ್ಲು ಅಲ್ಲಾಡುತ್ತಿವೆ. ಡಾಕ್ಟರು ಬೆರಳಿಟ್ಟು ನೋಡಿ, "ಇವು ಬರೀ ಅಭ್ಯಾಸಕ್ಕೆ ನಿಂತಿವೆ" ಎಂದರು. ಮೇ ಒಂಬತ್ತಕ್ಕೆ ಕೀಳುವುದೆಂದು ನಿಗದಿಯಾಗಿದೆ. ಆಮೇಲೆ ಕಟ್ಟಿಸಿದ ಹಲ್ಲು. ಅದನ್ನಿಟ್ಟುಕೊಂಡು ಅನ್ನ ತಿನ್ನಬಹುದು, ಜಗಳವಾಡಬಹುದು, ತುತ್ತೂರಿ ಊದಲಾಗುವುದಿಲ್ಲ. ಅಂದರೆ ಈ ವಸಂತ ಮುಗಿದರೆ ನನ್ನದೂ ಮುಗಿಯಿತು.

ಒಂದು ಸಲ, ಒಂದೇ ಒಂದು ಆಟಕ್ಕೆ, ಸ್ಟ್ಯಾಂಡಿಗೆ ಬಿಡು. ಕೊನೆಯ ಸಾಲಿನಲ್ಲಿ ನಿಲ್ಲುತ್ತೇನೆ. ಅಂಗಿ ಬೇಡ. ಹೋದ ವರ್ಷದ್ದು ತುಟಿಯ ಅಭ್ಯಾಸ ಎಂದು ಆವತ್ತೇ ಹೇಳಿದ್ದೇನೆ. ಹನ್ನೊಂದು ವರ್ಷ ಅವನ ಮುಖ ಕಂಡೊಡನೆ ಊದಿದ ತುಟಿ, ಅವನು ಯಾವ ಬಣ್ಣದ ಅಂಗಿ ತೊಟ್ಟಿದ್ದಾನೆಂದು ನೋಡಲಿಲ್ಲ.

ರಾಗ ಇನ್ನೂ ಹೊಳೆದಿಲ್ಲ.

ತಮೊತ್ಸು


ಕುರೆ
ಮಾರ್ಚ್ 6

ಭಾವ,

ಹಲ್ಲಿನ ಸುದ್ದಿ ಓದಿ ಬೇಸರವಾಯಿತು. ಬೇಸರವಾದ ಮಾತ್ರಕ್ಕೆ ನಿಯಮ ಬದಲಾಗುವುದಿಲ್ಲ. ಸಭೆಯಲ್ಲಿ ಕೇಳಿದೆ. ಹದಿನಾಲ್ಕು ಜನ ಬೇಡವೆಂದರು, ಮೂವರು ಬೇಕೆಂದರು. ಅಂಚೆ ಕಚೇರಿಯ ರಿಸ ನಿಮ್ಮ ಪರವಾಗಿ ಎದ್ದು ಮಾತಾಡಿದಳು. ನೀವು ಕಲಿಸಿದ ತುತ್ತೂರಿಯಲ್ಲವೇ.

ರಾಗ ಎಲ್ಲಿ? ಹೊಸಬನು ಸ್ವಂತ ಹೊಡೆತದಿಂದಲೇ ಬೇಸ್ ಮುಟ್ಟಿ ಮೊದಲ ಹಿಟ್ ಪಡೆಯುವವರೆಗೆ ಅವನದೇ ಹಾಡು ನುಡಿಸುವುದಿಲ್ಲ, ಎಲ್ಲರಿಗೂ ನುಡಿಸುವ ಸಾಮಾನ್ಯ ರಾಗವನ್ನೇ ನುಡಿಸುತ್ತೇವೆ ಎಂಬುದು ನಿಮಗೆ ಗೊತ್ತೇ ಇದೆ. ಆದರೆ ಹಿಟ್ ಯಾವಾಗ ಬರುತ್ತದೋ ಯಾರು ಕಂಡರು. ಮೊದಲ ದಿನವೇ ಬಂದರೆ, ಮತ್ತೆ ಅವನು ಬ್ಯಾಟಿಗೆ ಬಂದಾಗ ಸೋಪಿನ ಹಾಡು ನುಡಿಸಲೇ?

ಚಳಿಯಲ್ಲಿ ದಕ್ಕೆಯ ಮೇಲೆ ಓಡಾಡಬೇಡಿ. ಕುತ್ತಿಗೆಗೆ ಏನಾದರೂ ಸುತ್ತಿಕೊಳ್ಳಿ.

ಮಿತ್ಸುಯೊ


ದ್ವೀಪದಿಂದ
ಮಾರ್ಚ್ 30

ಮಿತ್ಸುಯೊ,

ಆಟದ ಋತು ಶುರುವಾಗಿ ಐದು ದಿನವಾಯಿತು. ಈ ರೇಡಿಯೋ ಗಾಳಿ ಬೀಸಿದಾಗಲೆಲ್ಲ ಗೊರಗೊರ ಎನ್ನುತ್ತದೆ. ಎರಡನೇ ಆಟದಲ್ಲಿ ನಿನ್ನ ಹುಡುಗನನ್ನು ಎಂಟನೇ ಇನ್ನಿಂಗ್ಸ್‌ನಲ್ಲಿ ಇಳಿಸಿದರಲ್ಲ, ಆಗ ನಾನು ಒಂದು ದೋಣಿಯ ಮೂತಿಯ ಮೇಲೆ ಮೊದಲ ಅಕ್ಷರ ಬರೆಯುತ್ತಿದ್ದೆ. ಕುಂಚ ಹಿಡಿದೇ ಎದ್ದು ನಿಂತೆ. ಬ್ಯಾಟು ಬೀಸಿದ, ಗಾಳಿಗೆ. ಮತ್ತೆ ಬೀಸಿದ, ಮತ್ತೆ ಗಾಳಿಗೆ. ದೋಣಿಯವನು ಬಂದು ನೋಡಿ, "ಇದೇನ್ ಯಜಮಾನ್ರೇ, ನನ್ ದೋಣಿಗೆ ಮೀಸೆ ಬರ್ದಿದೀರಾ?" ಎಂದ. ತಿನ್ನರ್ ಹಾಕಿ ಒರೆಸಿಕೊಟ್ಟೆ.

ರಾಗದ ವಿಷಯ. ಇಪ್ಪತ್ತು ಸಲ ಕೂತೆ. ಏನೇ ಶುರು ಮಾಡಿದರೂ ನಾಲ್ಕನೇ ಸ್ವರಕ್ಕೆ ಅದೇ ಹಾಡಾಗುತ್ತದೆ, ತೊಕುನಾಗನದು. ಅದನ್ನು ದಾಟಿ ಹೋಗಲು ನನ್ನಿಂದ ಆಗುತ್ತಿಲ್ಲ. ಹಾಗಾಗಿ ನಿನಗೆ ನಿಜ ಹೇಳಿಬಿಡುತ್ತೇನೆ. ಹೇಳದೆ ಇನ್ನೊಂದು ರಾಗ ಹುಟ್ಟುವುದಿಲ್ಲ.

ಅದು ತುಟಿಯ ಅಭ್ಯಾಸವಲ್ಲ. ಬೇಕೆಂದೇ ಊದಿದೆ.

ಆ ಹಾಡಿನ ಮಾತನ್ನು ನಿನ್ನಕ್ಕ ಚಿಝು ಕೊನೆಗೊಮ್ಮೆ ಆಸ್ಪತ್ರೆಯಲ್ಲಿ ಹೊಸದಾಗಿ ಬರೆದುಕೊಟ್ಟಳು, ನಿನಗೆ ನೆನಪಿರಬೇಕು. ಮಾತ್ರೆಯ ಪೊಟ್ಟಣದ ಹಿಂದೆ ಬರೆದಿದ್ದಳು. "ಹಳೇದು ತೀರಾ ಮಕ್ಕಳ ಪದ್ಯದ ಥರ ಇತ್ತು, ಅವನಿಗೆ ಈಗ ಮೂವತ್ತೈದು" ಎಂದಳು. ಅದೇ ಅವಳು ಕೊನೆಯ ಸಲ ಬರೆದದ್ದು. ಎರಡು ವರ್ಷ ಹಾಡಿದೆವು. ಆಮೇಲೆ ಅವನು ಗಂಟು ಕಟ್ಟಿಕೊಂಡು ಹೊರಟ. ಬಿಟ್ಟುಹೋದವನ ಹಾಡು ಪೆಟ್ಟಿಗೆಗೆ ಹೋಗಬೇಕು, ನಿಯಮ. ಅವನು ಹೋದದ್ದಕ್ಕೆ ನನಗೇನೂ ಸಂಕಟವಾಗಲಿಲ್ಲ ಮಿತ್ಸುಯೊ. ನನ್ನ ಹೆಂಡತಿಯ ಮಾತನ್ನು ಇನ್ನು ಯಾರೂ ಹಾಡುವುದಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು. ಆವತ್ತು ಅವನ ಮುಖ ಕಂಡಿತು. ಒಂದು ಸಲ ಎಂದುಕೊಂಡೆ. ಊದಿದೆ. ಒಬ್ಬರೂ ಹಾಡಲಿಲ್ಲ.

ಅವಳಿಗೆ ಗದ್ದಲವೆಂದರೆ ತಲೆನೋವು, ಒಂದು ದಿನವೂ ಸ್ಟ್ಯಾಂಡಿಗೆ ಬಂದವಳಲ್ಲ. ಆದರೆ ಆಟ ಮುಗಿಸಿ ಮನೆಗೆ ಹೋದೊಡನೆ, ಬೂಟು ಬಿಚ್ಚುವ ಮೊದಲೇ ಕೇಳುತ್ತಿದ್ದಳು: "ಹೇಗಿತ್ತು, ಮಾತು ಕೇಳಿಸ್ತಾ?" "ಕೇಳಿಸ್ತು, ಕೇಳಿಸ್ತು" ಎನ್ನುತ್ತಿದ್ದೆ. ಏನು ಕೇಳಿಸುತ್ತದೆ ಮಣ್ಣು. ತುತ್ತೂರಿ ತುಟಿಗಿಟ್ಟವನಿಗೆ ತನ್ನ ತುತ್ತೂರಿ ಬಿಟ್ಟು ಬೇರೇನೂ ಕೇಳಿಸುವುದಿಲ್ಲ. ಮೂವತ್ತೊಂದು ವರ್ಷ ಅವಳಿಗೆ ಸುಳ್ಳು ಹೇಳಿದ್ದೇನೆ.

ಬೈಯುವುದಿದ್ದರೆ ಬೇಗ ಬೈದು ಬರೆ.

ತಮೊತ್ಸು


ದ್ವೀಪದಿಂದ
ಏಪ್ರಿಲ್ 13

ಮಿತ್ಸುಯೊ,

ಎರಡು ವಾರವಾಯಿತು. ಲಾಂಚು ದಿನಕ್ಕೆರಡು ಸಲ ಬರುತ್ತದೆ, ಅಂಚೆ ಚೀಲ ಇಳಿಯುತ್ತದೆ, ನನ್ನ ಹೆಸರಿನದು ಏನೂ ಇಲ್ಲ. ಕಾಗದ ಸುಟ್ಟೆಯೋ? ಸುಟ್ಟಿದ್ದರೆ ಸುಟ್ಟೆ ಎಂದಾದರೂ ಬರೆ.

ನಿನ್ನೆಯ ಆಟ ಕೇಳಿದೆ. ಅಮಕಾಸು ಹೊಡೆದ, ಚೆಂಡು ಎರಡನೇ ಬೇಸಿನವನ ಕಾಲ ಸಂದಿನಲ್ಲಿ ನುಸುಳಿತು, ಹುಡುಗ ಮೊದಲ ಬೇಸ್ ಮುಟ್ಟಿದ. ನಾನು ರೇಡಿಯೋವನ್ನು ಎತ್ತಿ ಹಿಡಿದುಕೊಂಡೇ ಅಂಗಳಕ್ಕೆ ಓಡಿದೆ. ರೇಡಿಯೋದವನು, "ಸ್ಕೋರ್ ಬೋರ್ಡಿನಲ್ಲಿ ಯಾವ ದೀಪ ಹತ್ತುತ್ತೆ ನೋಡೋಣ" ಎಂದ. ರೇಡಿಯೋವನ್ನು ಕಿವಿಗೊತ್ತಿಕೊಂಡೆ. ಹತ್ತಿದ್ದು ತಪ್ಪಿನ ದೀಪ. ಹಿಡಿಯಬೇಕಾದವನ ತಪ್ಪು, ಹೊಡೆದವನ ಹಿಟ್ ಅಲ್ಲವಂತೆ.

ಉಮೆನೊ ಅಜ್ಜಿ ಚಾಕು ಹಿಡಿದೇ ಎದ್ದು ಬಂದಳು. "ಓಡಿ ಮುಟ್ಟಿದ್ನೋ ಇಲ್ವೋ?"

"ಮುಟ್ಟಿದ."

"ಮತ್ತೆ ಅಳೋದೇನು?"

"ಲೆಕ್ಕಕ್ಕಿಲ್ಲ ಅಜ್ಜಿ. ಇನ್ನೊಬ್ಬ ಎಡವಿದ್ದಕ್ಕೆ ಇವನು ಮುಟ್ಟಿದ್ದು."

"ನನ್ ಗಂಡನ್ ಮನೆಯೋರೂ ಹೀಗೇ ಲೆಕ್ಕ ಹಾಕ್ತಿದ್ರು," ಎಂದು ಹೋಗಿ ಕೂತಳು.

ಹದಿಮೂರು ಸಲ ಬ್ಯಾಟು ಹಿಡಿದು ಒಂದೂ ಇಲ್ಲ. ಇನ್ನೆರಡು ವಾರ ಹೀಗೇ ಆದರೆ ಅವನನ್ನು ಎರಡನೇ ತಂಡಕ್ಕೆ ಇಳಿಸುತ್ತಾರೆ. ನನಗೆ ನಿದ್ದೆ ಹತ್ತುತ್ತಿಲ್ಲ. ನಾಲಗೆ ಸುಮ್ಮನೆ ಹಲ್ಲಿನ ಹಿಂದೆ ಓಡಾಡುತ್ತಿರುತ್ತದೆ.

ತಮೊತ್ಸು


ಕುರೆ
ಏಪ್ರಿಲ್ 17

ಭಾವ,

ಸುಟ್ಟಿಲ್ಲ. ಇಸ್ತ್ರಿ ಮೇಜಿನ ಖಾನೆಯಲ್ಲಿದೆ. ನಾಲ್ಕು ಸಲ ಉತ್ತರ ಬರೆದು ಹರಿದೆ.

ನಿಮ್ಮದು ಅಭ್ಯಾಸವಲ್ಲ ಎಂದು ನನಗೆ ಆವತ್ತೇ ಗೊತ್ತಿತ್ತು. ಹೇಗೆಂದರೆ, ನೀವು ಊದಲು ಶುರುಮಾಡಿದೊಡನೆ ನನ್ನ ಕೈ ನಗಾರಿ ಬಾರಿಸಿತು. ಮೊದಲ ಎರಡು ಸಾಲು, ಅಕ್ಕನ ಎರಡು ಸಾಲು, ಸರಿಯಾದ ತಾಳಕ್ಕೆ. ಆಮೇಲೆ ಎಲ್ಲರೂ ತಿರುಗಿ ನೋಡಿದರು. ಕೋಲನ್ನು ಬೆನ್ನ ಹಿಂದೆ ಅಡಗಿಸಿದೆ. ಎಲ್ಲರ ಕಣ್ಣೂ ನಿಮ್ಮ ತುತ್ತೂರಿಯ ಮೇಲಿತ್ತು. ನಗಾರಿ ಯಾರಿಗೂ ನೆನಪಿಲ್ಲ. ನಿಮಗಂತೂ ಕೇಳಿಸಿರುವುದಿಲ್ಲ. ಅದಾದ ಮೇಲೆ ನಿಮ್ಮ ಅಂಗಿ ಬಿಚ್ಚಿಸಿಕೊಂಡೆ. ನನ್ನದನ್ನೂ ಬಿಚ್ಚಬೇಕಿತ್ತು. ಬಿಚ್ಚಲಿಲ್ಲ. ಒಂದು ವರ್ಷದಿಂದ ಪ್ರತಿ ಆಟಕ್ಕೂ ಮೊದಲು ಆ ಅಂಗಿಗೆ ಇಸ್ತ್ರಿ ಮಾಡುವಾಗ ನಾಚಿಕೆಯಾಗುತ್ತದೆ. ಅಕ್ಕ ಇದ್ದಿದ್ದರೆ ನನ್ನ ಕೆನ್ನೆಗೊಂದು ಬಿಗಿಯುತ್ತಿದ್ದಳು.

ಮೊನ್ನೆ ಸಭೆಯಲ್ಲಿ ಇದನ್ನೇ ಹೇಳಿದೆ. ನನ್ನ ಅಂಗಿಯನ್ನು ಮಡಿಚಿ ಮೇಜಿನ ಮೇಲಿಟ್ಟೆ. ರಿಸ ಅದನ್ನು ಎತ್ತಿ ನನ್ನ ಮಡಿಲಿಗೇ ಎಸೆದಳು. "ನಾಟಕ ಸಾಕು ಅಕ್ಕ, ನಗಾರಿ ಯಾರು ಬಾರಿಸ್ತಾರೆ?" ಎಂದಳು.

ಆಮೇಲೆ ಇನ್ನೊಂದು ಮಾತು ಇಟ್ಟೆ. ನಿವೃತ್ತನಾದವನ ಹಾಡನ್ನು ಹೊಸಬನಿಗೆ ದಾಟಿಸಿದ್ದುಂಟು. ಬಿಟ್ಟುಹೋದವನ ಹಾಡನ್ನು ಯಾಕೆ ದಾಟಿಸಬಾರದು? ಹಾಡು ಮಾಡಿದ ತಪ್ಪೇನು? ಗೊಣಗಿದರು. "ದ್ರೋಹಿಯ ಎಂಜಲು" ಎಂದವರೂ ಇದ್ದಾರೆ. ಕೊನೆಗೆ ಒಂಬತ್ತು ಜನ ಒಪ್ಪಿದರು, ಎಂಟು ಜನ ಇಲ್ಲ. ತೊಕುನಾಗ ಎಂದಿದ್ದ ಜಾಗದಲ್ಲಿ ಅಮಕಾಸು ಎಂದರೆ ತಾಳವೂ ಕೂಡುತ್ತದೆ. ಉಳಿದ ಮಾತು ಒಂದೂ ಬದಲಿಲ್ಲ.

ಆದರೆ ಮೊದಲ ಹಿಟ್‌ನ ನಿಯಮ ನಿಯಮವೇ. ಅವನಿಗೆ ಹಿಟ್ ಬಂದ ಮೇಲೆ ನಮ್ಮ ಮೈದಾನದಲ್ಲಿ ಮೊದಲ ಸಲ ಬ್ಯಾಟಿಗೆ ಬಂದಾಗ ಹಾಡು ಹಾಡುತ್ತೇವೆ. ಆರಂಭದ ಸಾಲು ಮುಖ್ಯ ತುತ್ತೂರಿಯದು, ಆ ಜಾಗ ಒಂದು ವರ್ಷದಿಂದ ಖಾಲಿ ಇದೆ. ಆ ದಿನ ಬನ್ನಿ. ಮೇ ಒಂಬತ್ತರೊಳಗೆ ಆ ಹುಡುಗ ಹೊಡೆಯಲಿ ಎಂದು ಬೇಡಿಕೊಳ್ಳಿ.

ನಿಮ್ಮ ನಾದಿನಿ
ಮಿತ್ಸುಯೊ


ದ್ವೀಪದಿಂದ
ಏಪ್ರಿಲ್ 29

ಮಿತ್ಸುಯೊ,

ನಿನ್ನ ಕಾಗದವನ್ನು ದಕ್ಕೆಯ ಮೇಲೆ ನಿಂತೇ ಓದಿದೆ, ಲಾಂಚಿನವರು ಏನಾಯಿತೆಂದು ಕೇಳುವ ಹಾಗೆ ಅತ್ತೆ. ಸಾಕು ಅದು.

ಈ ಹುಡುಗ ನನ್ನನ್ನು ಕೊಲ್ಲುತ್ತಾನೆ. ಹದಿನೆಂಟು ಸಲ, ಸೊನ್ನೆ. ಎರಡು ಆಟ ಮಳೆಗೆ ಹೋಯಿತು. ಮೊನ್ನೆ ಬೇಲಿಯವರೆಗೆ ಹೊಡೆದ, ಅಲ್ಲಿ ಒಬ್ಬ ಹಾರಿ ಹಿಡಿದ. ಬೇರೆ ಯಾವ ದಿನವಾದರೂ ಆ ಹಿಡಿತಕ್ಕೆ ಚಪ್ಪಾಳೆ ತಟ್ಟುತ್ತಿದ್ದೆ. ಪೇಪರಿನವರು 'ಅಮಕಾಸುಗೆ ಇನ್ನೆಷ್ಟು ದಿನ' ಎಂದು ಬರೆದಿದ್ದಾರೆ. ಪೇಪರನ್ನು ಮೀನಿನ ಕರುಳು ಕಟ್ಟಲು ಅಜ್ಜಿಗೆ ಕೊಟ್ಟೆ.

ದಿನಾ ಸಂಜೆ ಅಲೆತಡೆಯ ತುದಿಗೆ ಹೋಗಿ ಊದುತ್ತೇನೆ. ಆರಂಭದ ಸಾಲು ಮಾತ್ರ, ಐವತ್ತು ಸಲ. ಒಂದು ವರ್ಷ ಬಿಟ್ಟ ತುಟಿ, ಬಿಗಿ ಬರಬೇಕು. ಊದಿದಾಗಲೆಲ್ಲ ಹಲ್ಲಿನ ಬೇರಿನಲ್ಲಿ ನೋವು ಚಳಕ್ ಎನ್ನುತ್ತದೆ. ಅಜ್ಜಿ, "ಮೀನೆಲ್ಲ ಆ ಕಡೆ ದ್ವೀಪಕ್ಕೆ ಓಡಿಹೋದ್ವು, ದೋಣಿಯೋರು ನಿಮಗೆ ಹೊಡೀತಾರೆ ನೋಡ್ತಿರಿ" ಎನ್ನುತ್ತಾಳೆ. ಆದರೆ ನಿನ್ನೆ ಅವಳೇ ಸಿಂಪಿ ಬಿಡಿಸುತ್ತಾ ಆ ಸಾಲನ್ನು ಗುನುಗುತ್ತಿದ್ದಳು.

ಇನ್ನು ಹತ್ತು ದಿನ. ಡಾಕ್ಟರಿಗೆ ಫೋನ್ ಮಾಡಿ ಮುಂದೂಡಲು ಕೇಳಿದೆ. "ನಾನು ಮುಂದೂಡಬಹುದು, ಹಲ್ಲು ಮುಂದೂಡಲ್ಲ" ಎಂದರು.

ತಮೊತ್ಸು


ಕುರೆ
ಮೇ 3
(ತುರ್ತು ಅಂಚೆ)

ಭಾವ, ಬಂತು! ನೀವೂ ಕೇಳಿರಬೇಕು. ಊರಾಚೆಯ ಆಟ, ಆರನೇ ಇನ್ನಿಂಗ್ಸ್. ಅದೂ ಎಂಥ ಹಿಟ್: ಬ್ಯಾಟಿನ ತುದಿಗೆ ತಾಗಿ ಆಮೆಯ ಹಾಗೆ ಉರುಳಿತು, ಮೂರನೇ ಬೇಸಿನವನು ಓಡಿ ಬಂದು ಎತ್ತುವಷ್ಟರಲ್ಲಿ ಹುಡುಗ ಬೇಸಿನ ಮೇಲಿದ್ದ. ಹಿಟ್‌ನ ದೀಪ ಹತ್ತಿತು. ಇಪ್ಪತ್ತೆರಡನೆಯ ಸಲ. ಲಾಂಡ್ರಿಯಲ್ಲಿ ಒಂದು ಅಂಗಿ ಸುಟ್ಟೆ.

ಶುಕ್ರವಾರ, ಆರನೇ ತಾರೀಕು, ನಮ್ಮ ಮೈದಾನ. ಮಧ್ಯಾಹ್ನದ ಲಾಂಚು ಹಿಡಿಯಿರಿ. ನಿಮ್ಮ ಅಂಗಿಗೆ ಇಸ್ತ್ರಿ ಮಾಡಿಟ್ಟಿದ್ದೇನೆ.

ಮಿತ್ಸುಯೊ


ದ್ವೀಪದಿಂದ
ಮೇ 7

ಮಿತ್ಸುಯೊ,

ನಿನ್ನೆ ಆಟ ಮುಗಿಯುವ ಮೊದಲೇ ಹೇಳದೆ ಕೇಳದೆ ಲಾಂಚಿಗೆ ಓಡಿದೆ. ಕ್ಷಮಿಸು. ನಿನ್ನ ಮುಖಕ್ಕೆ ಮುಖ ಕೊಟ್ಟು ಹೇಳುವ ಧೈರ್ಯವಿರಲಿಲ್ಲ, ಬಾಯಿ ತೆರೆದರೆ ನಿನಗೇ ಕಾಣುತ್ತಿತ್ತು.

ಮೇ ಎರಡರ ಸಂಜೆಯೇ ಹಲ್ಲು ಹೋಯಿತು. ಅಲೆತಡೆಯ ಮೇಲೆ ನಲವತ್ತನೇ ಸಲವೋ ಏನೋ ಊದುತ್ತಿದ್ದೆ, ತುತ್ತೂರಿಯ ಬಾಯಿಗೆ ಏನೋ ಟಕ್ ಎಂದಿತು, ನೋಡಿದರೆ ಅಂಗೈಯಲ್ಲಿ ಎರಡು ಹಲ್ಲು. ಅಜ್ಜಿ ಅವನ್ನು ತಿರುಗಿಸಿ ತಿರುಗಿಸಿ ನೋಡಿ, "ಮೇಲಿನ ಹಲ್ಲು, ಮನೆ ನೆಲದಡಿಗೆ ಎಸೀರಿ, ಹೊಸದು ಹುಟ್ಟುತ್ತೆ" ಎಂದಳು. ಅರವತ್ತೇಳರ ಮುದುಕನಿಗೆ. ಎಸೆದೆ, ಮತ್ತೇನು ಮಾಡಲಿ. ಮಾರನೇ ದಿನ ಹುಡುಗ ಹಿಟ್ ಹೊಡೆದ. ಅದರ ಮಾರನೇ ದಿನ ನಿನ್ನ ತುರ್ತು ಅಂಚೆ ಬಂತು. ಊದಲಾಗುವುದಿಲ್ಲ ಎಂದು ಬರೆಯಲು ಕೂತೆ, ಕೈ ಏಳಲಿಲ್ಲ. ಅಲ್ಲಿ ನಿಂತರೆ ಹೇಗೋ ಒಂದು ಸಾಲು ಹೊರಟೀತು ಎಂಬ ಆಸೆ.

ಅದಕ್ಕೇ ನಿನ್ನೆ ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಂದದ್ದು. ನೆಗಡಿಯಲ್ಲ. ನೀನು ಅಂಗಿ ತೊಡಿಸಿದೆ, ಭುಜದ ಮೇಲಿನ ದಾರ ಕಿತ್ತೆ, ಏನೂ ಕೇಳಲಿಲ್ಲ. ಮೂರನೇ ಇನ್ನಿಂಗ್ಸ್‌ನಲ್ಲಿ ಹುಡುಗ ಬ್ಯಾಟು ಹಿಡಿದು ಬಂದ. ಬಟ್ಟೆ ಇಳಿಸಿದೆ, ತುತ್ತೂರಿ ತುಟಿಗಿಟ್ಟೆ, ಊದಿದೆ. ಬುಸ್ಸೆಂದು ಗಾಳಿ. ಮತ್ತೆ ಊದಿದೆ. ಗಾಳಿ. ಪಕ್ಕದಲ್ಲಿ ರಿಸ ತುತ್ತೂರಿ ಎತ್ತಿ ನನ್ನ ಸಾಲಿಗೆ ಕಾಯುತ್ತಿದ್ದಳು. ಆರಂಭದ ಸಾಲು ಮುಗಿಯದೆ ಉಳಿದವರು ಊದುವ ಹಾಗಿಲ್ಲ, ಅವಳಿಗೆ ಹಾಗೆ ಕಲಿಸಿದವನು ನಾನೇ. ಇಡೀ ಸ್ಟ್ಯಾಂಡು ಸುಮ್ಮನೆ ನಿಂತಿತ್ತು. ನೀನು ತಿರುಗಿ ನೋಡಿದೆ. ಇನ್ನೊಂದು ಸಲ ನನ್ನ ಅಂಗಿ ಬಿಚ್ಚಿಸುತ್ತೀಯ ಎಂದುಕೊಂಡೆ.

ನೀನು ಕೋಲೆತ್ತಿದೆ. ಎರಡು ಸಾಲಿನ ತಾಳ, ಹೋದ ವರ್ಷ ನನಗೆ ಕೇಳಿಸದೆ ಹೋದದ್ದು, ಈಗ ಎದೆಗೇ ಬಡಿಯಿತು. ಮೇಲಿನ ಸಾಲಿನಿಂದ ಯಾರೋ ಒಬ್ಬ ಗೊಗ್ಗರು ದನಿಯಲ್ಲಿ ಶುರುಮಾಡಿದ. ಎಂಜಲು ಎಂದವನೇ ಅಂತೆ, ರಿಸ ಆಮೇಲೆ ಹೇಳಿದಳು. ಆಮೇಲೆ ನಾಲ್ಕು ಜನ. ಆಮೇಲೆ ಎಲ್ಲರೂ. ತುತ್ತೂರಿ ಒಂದೂ ಇಲ್ಲ, ಬರೀ ಮನುಷ್ಯರ ದನಿ.

ಎದುರು ಗಾಳಿ ಬೀಸಿದರೂ
ಕಣ್ಣು ಮುಚ್ಚಬೇಡ ಅಮಕಾಸು
ಈ ದಂಡೆಯವರು ನಾವು
ನೀ ಹೊಡೆವ ತನಕ ಏಳುವವರಲ್ಲ

ಒಂದೊಂದು ಅಕ್ಷರವೂ ಬಿಡಿಬಿಡಿಯಾಗಿ ಬಂತು. ಎರಡನೇ ಸುತ್ತಿಗೆ ರಿಸ ಊದಲು ಹೊರಟಳು, ಅವಳ ಕೈ ಹಿಡಿದು ತಡೆದೆ. ಇನ್ನೊಂದು ಸಲ ಕೇಳಬೇಕಿತ್ತು. ಮೂರನೇ ಸುತ್ತಿಗೆ ಆರಂಭದ ಸಾಲನ್ನು ಅವಳೇ ಊದಿದಳು, ನನಗಿಂತ ಚೆನ್ನಾಗಿ. ಆ ಜಾಗ ಇನ್ನು ಅವಳಿಗೆ ಕೊಡು. ಹುಡುಗ ಮೂರು ಸಲ ಗಾಳಿಗೆ ಬೀಸಿ ಔಟಾದ. ಆಗಲಿ.

ಸೋಮವಾರ ಉಳಿದೆರಡು ಹಲ್ಲು ಕೀಳಿಸಿಕೊಂಡು, ಮುಂದಿನ ವಾರದಿಂದ ಸ್ಟ್ಯಾಂಡಿಗೆ ಬರುತ್ತೇನೆ. ತುತ್ತೂರಿ ತರುವುದಿಲ್ಲ. ಹಾಡುವವರ ಜೊತೆ ನಿಲ್ಲುತ್ತೇನೆ.

ನಿನ್ನೆ ಮನೆ ಮುಟ್ಟಿ, ಬೂಟು ಬಿಚ್ಚದೆ ಹೊಸ್ತಿಲಲ್ಲೇ ನಿಂತೆ. ಒಳಗೆ ಚಿಝುವಿನ ಫೋಟೋ, ಬೆಳಗ್ಗೆ ಇಟ್ಟ ಚಹಾ ಆರಿಹೋಗಿತ್ತು. ಅವಳು ಕೇಳುವಷ್ಟು ಹೊತ್ತು ಬಿಟ್ಟು, ಹೇಳಿದೆ.

"ಕೇಳಿಸ್ತು ಕಣೇ."

ತಮೊತ್ಸು